ಟ್ಯಾಬ್‌ನಲ್ಲಿ ‘ಕನ್ನಡ’ ಹೋಗಿ ‘ಕನಡ’ ಆಗಿದೆ, ಏನು ಮಾಡಲಿ?

ಹಳೇಲ್ಯಾಪ್‌ಟಾಪ್ · ಭಾನುವಾರ ಸಂಜೆ

ನನ್ನ ಹತ್ತಿರ ಇರುವುದು ಹತ್ತು ವರ್ಷದ ಲ್ಯಾಪ್‌ಟಾಪ್. ಪರದೆ 1366×768. ವಿಂಡೋಸ್ 10, ಅದರ ಮೇಲೆ ಫೈರ್‌ಫಾಕ್ಸ್. ಅಗಲಕ್ಕೆ ಏನೂ ಕೊರತೆ ಇಲ್ಲ, ಎತ್ತರವೇ ಸಾಲುವುದಿಲ್ಲ. ಮೇಲೆ ಟ್ಯಾಬ್‌ಗಳ ಪಟ್ಟಿ, ಅದರ ಕೆಳಗೆ ವಿಳಾಸದ ಪಟ್ಟಿ, ಅದರ ಕೆಳಗೆ ಬುಕ್‌ಮಾರ್ಕ್ ಪಟ್ಟಿ, ತಳದಲ್ಲಿ ವಿಂಡೋಸ್‌ನ ಟಾಸ್ಕ್‌ಬಾರ್. ಇವೆಲ್ಲ ತಿಂದು ಬಿಟ್ಟ ಜಾಗದಲ್ಲಿ ನಾನು ಪೇಪರ್ ಓದಬೇಕು.

ಕಳೆದ ವಾರ ಫೈರ್‌ಫಾಕ್ಸ್‌ನ ಗುಪ್ತ ಸೆಟ್ಟಿಂಗುಗಳ ಪುಟ ಅಬೌಟ್:ಕಾನ್ಫಿಗ್ ತೆರೆದು, ಪಟ್ಟಿಗಳನ್ನು ತೆಳ್ಳಗೆ ಮಾಡುವ ಕಾಂಪ್ಯಾಕ್ಟ್ ಆಯ್ಕೆ ಹಾಕಿಕೊಂಡೆ. ಸ್ವಲ್ಪ ಜಾಗ ಸಿಕ್ಕಿತು. ಆಸೆ ಜಾಸ್ತಿಯಾಯಿತು. ಎಲ್ಲೋ ಒಂದು ಸೈಟಿನಿಂದ ಯೂಸರ್‌ಕ್ರೋಮ್ ಎಂಬ, ಬ್ರೌಸರ್‌ನ ರೂಪ ಬದಲಿಸುವ ಫೈಲಿಗೆ ಹಾಕುವ ನಾಲ್ಕು ಸಾಲು ಎತ್ತಿಕೊಂಡು ಬಂದೆ. ಬ್ರೌಸರ್ ಮುಚ್ಚಿ ತೆರೆದರೆ ಟ್ಯಾಬ್ ಪಟ್ಟಿ ಶಾವಿಗೆಯಷ್ಟು ತೆಳ್ಳಗೆ. ಖುಷಿಯೋ ಖುಷಿ.

ಆಮೇಲೆ ಕನ್ನಡ ವಿಕಿಪೀಡಿಯ ತೆರೆದೆ. ಟ್ಯಾಬ್ ಮೇಲೆ ‘ಕನಡ’ ಅಂತ ಇದೆ. ಅಡುಗೆ ಪುಟ ತೆರೆದರೆ ‘ಅಕಿ ರೊಟಿ’. ಒತ್ತಕ್ಷರಗಳೆಲ್ಲ ಯಾರೋ ಕತ್ತರಿ ಹಾಕಿದ ಹಾಗೆ ಮಾಯ. ಪುಟದ ಒಳಗೆ ಎಲ್ಲ ಸರಿ ಇದೆ. ಇಂಗ್ಲಿಷ್ ಟ್ಯಾಬ್‌ಗಳೂ ಸರಿ ಇವೆ. ಇದು ಫಾಂಟಿನ ತೊಂದರೆಯಾ, ವಿಂಡೋಸಿನದ್ದಾ, ಇಲ್ಲ ನನ್ನದೇ ಕೈವಾಡವಾ?

ಎಫ್‌ಹನ್ನೊಂದು · ಭಾನುವಾರ ಸಂಜೆ

ಎಫ್11 ಒತ್ತಿ. ಎಲ್ಲ ಪಟ್ಟಿಯೂ ಹೋಗುತ್ತದೆ. ಮುಗಿಯಿತು.

ಹಳೇಲ್ಯಾಪ್‌ಟಾಪ್

ಎಫ್11 ಒತ್ತಿದರೆ ಮೂಲೆಯ ಗಡಿಯಾರವೂ ಹೋಗುತ್ತದೆ ಸ್ವಾಮಿ. ಒಲೆ ಮೇಲೆ ಹಾಲಿಟ್ಟು ಓದಲು ಕೂರುವವನು ನಾನು.

ಸೊಪ್ಪಿನಸಾರು · ಭಾನುವಾರ ರಾತ್ರಿ

ಆ ನಾಲ್ಕು ಸಾಲಿನಲ್ಲಿ ಏನಿದೆ ಅಂತ ಹೇಳಿ. ಬ್ರೌಸರ್‌ನ ಭಾಷೆ ಯಾವುದು, ವಿಂಡೋಸ್‌ನ ಸ್ಕೇಲ್ (ಪರದೆಯ ಮೇಲಿನದನ್ನು ಹಿಗ್ಗಿಸುವ ಶೇಕಡಾ ಲೆಕ್ಕ) ಎಷ್ಟು ಇಟ್ಟಿದ್ದೀರಿ, ಅದನ್ನೂ ಹೇಳಿ. ಊಹೆ ಮಾಡಿ ಔಷಧಿ ಕೊಡುವುದು ಬೇಡ.

ಹಳೇಲ್ಯಾಪ್‌ಟಾಪ್

ಬ್ರೌಸರ್ ಇಂಗ್ಲಿಷ್. ಸ್ಕೇಲ್ 100. ಮೊದಲನೇ ಸಾಲು ಟ್ಯಾಬ್-ಮಿನ್-ಹೈಟ್ ಎಂಬುದನ್ನು 22 ಪಿಕ್ಸೆಲ್ ಮಾಡುತ್ತದೆ. ಎರಡನೇದು ಟ್ಯಾಬ್-ಲೇಬಲ್-ಕಂಟೇನರ್‌ಗೆ ಹೈಟ್ 14 ಪಿಕ್ಸೆಲ್. ಮೂರನೇದು ಟ್ಯಾಬ್-ಲೇಬಲ್‌ಗೆ ಲೈನ್-ಹೈಟ್ 14 ಪಿಕ್ಸೆಲ್. ನಾಲ್ಕನೇದು ಮುಚ್ಚುವ ಗುಂಡಿಯನ್ನು ಚಿಕ್ಕದು ಮಾಡುತ್ತದೆ. ಪ್ರತಿ ಸಾಲಿನ ಕೊನೆಗೂ ಉದ್ಗಾರ ಚಿಹ್ನೆ ಹಾಕಿ ಇಂಪಾರ್ಟೆಂಟ್ ಅಂತ ಬರೆದಿದ್ದಾರೆ. ಅಷ್ಟು ಮುಖ್ಯ ಅಂದ ಮೇಲೆ ಹಾಕಲೇಬೇಕಲ್ಲ ಅಂತ ಹಾಕಿದೆ.

ಸೊಪ್ಪಿನಸಾರು · ಭಾನುವಾರ ರಾತ್ರಿ

ಸಿಕ್ಕಿತು. ಎರಡನೇ ಮತ್ತು ಮೂರನೇ ಸಾಲು ನಿಮ್ಮ ಒತ್ತನ್ನು ತಿಂದಿವೆ.

ಕಂಟೇನರ್ ಎಂದರೆ ಶೀರ್ಷಿಕೆ ಕೂರುವ ಡಬ್ಬಿ. ಆ ಡಬ್ಬಿಗೆ ಫೈರ್‌ಫಾಕ್ಸ್ ‘ಓವರ್‌ಫ್ಲೋ ಹಿಡನ್’ ಎಂಬ ನಿಯಮ ಇಟ್ಟಿದೆ. ಡಬ್ಬಿಯಿಂದ ಹೊರಗೆ ಚೆಲ್ಲಿದ್ದು ಕಾಣಿಸುವುದಿಲ್ಲ. ಉದ್ದನೆಯ ಶೀರ್ಷಿಕೆ ಪಕ್ಕದ ಟ್ಯಾಬ್ ಮೇಲೆ ಹರಿಯಬಾರದು, ಅದಕ್ಕೆ ಆ ನಿಯಮ. ನೀವು ಡಬ್ಬಿಯ ಎತ್ತರವನ್ನೇ 14 ಪಿಕ್ಸೆಲ್‌ಗೆ ಇಳಿಸಿದಿರಿ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು. ಜಿ, ಪಿ, ವೈ ಇವುಗಳ ಬಾಲ ಸ್ವಲ್ಪ ಕೆಳಗೆ ಇಳಿಯುತ್ತದೆ ಅಷ್ಟೇ. ನಮ್ಮಲ್ಲಿ ಹಾಗಲ್ಲ. ಅಕ್ಷರದ ಕೆಳಗೆ ಇನ್ನೊಂದು ಅಕ್ಷರವೇ ಕೂರುತ್ತದೆ. ‘ರಾಷ್ಟ್ರ’ದಲ್ಲಿ ಷ ಒಂದಕ್ಕೇ ಟ ಒತ್ತು, ರ ಒತ್ತು ಎರಡೂ ಜೋತುಬಿದ್ದಿವೆ. ‘ಸ್ತ್ರೀ’ ಬರೆದರೆ ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಪಕ್ಕಕ್ಕೆ ದೀರ್ಘ. ಆ ನಾಲ್ಕು ಸಾಲು ಬರೆದವರ ಪರದೆಯಲ್ಲಿ ಇಂಥ ಅಕ್ಷರ ಒಂದೂ ಬಂದಿರಲಿಕ್ಕಿಲ್ಲ.

ಆ ಎರಡು ಸಾಲು ಅಳಿಸಿ. ಮೊದಲ ಸಾಲಿನಲ್ಲಿ 22 ಬದಲು 26 ಹಾಕಿ. ಉಳಿಸಿ, ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಯೂಸರ್‌ಕ್ರೋಮ್ ಫೈಲನ್ನು ಅದು ಶುರುವಾಗುವಾಗ ಮಾತ್ರ ಓದುತ್ತದೆ. ಪರೀಕ್ಷೆಗೆ ಕನ್ನಡ ವಿಕಿಪೀಡಿಯದಲ್ಲಿ ‘ರಾಷ್ಟ್ರಕೂಟ’ ಹುಡುಕಿ. ಆ ಟ್ಯಾಬ್ ಸರಿಯಾಗಿ ಕಂಡರೆ ಯಾವ ಟ್ಯಾಬ್ ಬೇಕಾದರೂ ಕಾಣುತ್ತದೆ.

ಇಂಪಾರ್ಟೆಂಟ್ ಅನ್ನುವುದು ಶಿಫಾರಸು ಅಲ್ಲ. ಬ್ರೌಸರ್‌ನ ಒಳಗೆ ಏನು ಹೇಗೆ ಕಾಣಬೇಕು ಅಂತ ಹೇಳುವ ಅದರದ್ದೇ ಸಿಎಸ್‌ಎಸ್ ನಿಯಮಗಳಿವೆ. ಬಳಕೆದಾರ ಬರೆದ ನಿಯಮ ಸುಮ್ನೆ ಇದ್ದರೆ ಅದರ ಮುಂದೆ ಸೋಲುತ್ತದೆ. ಆ ಪದ ಸೇರಿಸಿದರೆ ಗೆಲ್ಲುತ್ತದೆ. ಅದಕ್ಕೇ ಎಲ್ಲರೂ ಎಲ್ಲ ಸಾಲಿಗೂ ಅಂಟಿಸುತ್ತಾರೆ.

ರಾಗಿಕಣಜ · ಭಾನುವಾರ ರಾತ್ರಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಈ ಯೂಸರ್‌ಕ್ರೋಮ್ ನನ್ನ ಗೂಗಲ್ ಕ್ರೋಮ್‌ಗೂ ಆಗುತ್ತದಾ? ಹೆಸರಲ್ಲೇ ಕ್ರೋಮ್ ಇದೆಯಲ್ಲ.

ಸೊಪ್ಪಿನಸಾರು

ಇಲ್ಲ. ಪುಟದ ಸುತ್ತ ಇರುವ ಚೌಕಟ್ಟಿಗೆ, ಅಂದರೆ ಪಟ್ಟಿ, ಗುಂಡಿ, ಮೆನು ಎಲ್ಲಕ್ಕೂ ಸೇರಿ, ಮೊದಲಿನಿಂದಲೂ ಕ್ರೋಮ್ ಅನ್ನುತ್ತಾರೆ. ಕಾರಿಗೆ ಹೊಳೆಯುವ ಕ್ರೋಮ್ ಪಟ್ಟಿ ಇರುತ್ತದಲ್ಲ, ಹಾಗೆ. ಗೂಗಲ್‌ನ ಬ್ರೌಸರ್ ಬಂದಿದ್ದು 2008ರಲ್ಲಿ. ಈ ಪದ ಅದಕ್ಕಿಂತ ಹಳೆಯದು. ಯೂಸರ್‌ಕ್ರೋಮ್ ಚೌಕಟ್ಟಿಗೆ, ಯೂಸರ್‌ಕಂಟೆಂಟ್ ಎಂಬ ಇನ್ನೊಂದು ಫೈಲ್ ಒಳಗಿನ ಪುಟಗಳಿಗೆ.

ಫ್ಲಾಗುಬಾವುಟ · ಭಾನುವಾರ ರಾತ್ರಿ

ರಾಗಿಕಣಜ ಅವರೇ, ಕ್ರೋಮ್‌ನಲ್ಲಿ ವಿಳಾಸದ ಜಾಗದಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಫ್ಲಾಗ್ಸ್ ಅಂತ ಇಂಗ್ಲಿಷಲ್ಲಿ ಹೊಡೆಯಿರಿ. ಉದ್ದದ ಪಟ್ಟಿ ಬರುತ್ತದೆ. ಪ್ರತಿಯೊಂದಕ್ಕೂ ಡೀಫಾಲ್ಟ್, ಎನೇಬಲ್ಡ್, ಡಿಸೇಬಲ್ಡ್. ‘ಆಟೋ ಡಾರ್ಕ್ ಮೋಡ್’ ಎಂಬ ಫ್ಲಾಗ್ ಹಾಕಿದರೆ ಬಿಳಿ ಸೈಟುಗಳನ್ನೂ ಬಲವಂತವಾಗಿ ಕಪ್ಪು ಮಾಡುತ್ತದೆ. ಕೆಲವು ಸೈಟುಗಳಲ್ಲಿ ಚಿತ್ರಗಳೂ ಬಣ್ಣಗೆಡುತ್ತವೆ, ಅದು ಬೇರೆ ಮಾತು.

ಆದರೆ ಫ್ಲಾಗನ್ನು ನಂಬಿ ಮನೆ ಕಟ್ಟಬೇಡಿ. ಅವು ಪ್ರಯೋಗಕ್ಕೆ ಇಟ್ಟವು. 2023ರಲ್ಲಿ ಕ್ರೋಮ್ ಹೊಸ ರೂಪಕ್ಕೆ ಬಂದಾಗ ತುಂಬಾ ಜನ ಫ್ಲಾಗ್ ಬಳಸಿ ಹಳೇ ರೂಪಕ್ಕೇ ಅಂಟಿಕೊಂಡರು. ಆಮೇಲೆ ಆ ಫ್ಲಾಗನ್ನೇ ತೆಗೆದುಬಿಟ್ಟರು. ಫೈರ್‌ಫಾಕ್ಸ್‌ನ ಯೂಸರ್‌ಕ್ರೋಮ್ ಥರದ್ದು ಕ್ರೋಮ್‌ನಲ್ಲಿ ಇಲ್ಲ. ವಿವಾಲ್ಡಿ ಬ್ರೌಸರ್‌ನಲ್ಲಿ ಇದೆ. ಅದರ ಎಕ್ಸ್‌ಪೆರಿಮೆಂಟ್ಸ್ ಪುಟದಲ್ಲಿ ಸಿಎಸ್‌ಎಸ್ ಬದಲಾವಣೆಗೆ ಒಪ್ಪಿಗೆ ಕೊಟ್ಟು, ನಿಮ್ಮ ಫೈಲ್ ಇರುವ ಫೋಲ್ಡರ್ ತೋರಿಸಬೇಕು.

ಹಳೆಹುಲಿ · ಸೋಮವಾರ ಬೆಳಿಗ್ಗೆ

ಈ ಮಾತೆಲ್ಲ ಓದಿ ಹಳೇ ಕಾಲ ನೆನಪಾಯಿತು. ಮೊದಲು ಅಬೌಟ್:ಕಾನ್ಫಿಗ್ ತೆರೆದರೆ ‘ಇದರಿಂದ ನಿಮ್ಮ ವಾರಂಟಿ ಹೋಗಬಹುದು!’ ಅಂತ ಹೆದರಿಸುತ್ತಿತ್ತು. ಪುಕ್ಕಟೆ ಸಾಫ್ಟ್‌ವೇರಿಗೆ ಎಲ್ಲಿಯ ವಾರಂಟಿ! ಕೆಳಗೆ ಗುಂಡಿಯ ಮೇಲೆ ‘ಹುಷಾರಾಗಿರುತ್ತೇನೆ, ಆಣೆ’ ಅನ್ನುವ ಅರ್ಥದ ಇಂಗ್ಲಿಷ್ ಸಾಲು. ನಾನು ಎಷ್ಟು ಸಲ ಸುಳ್ಳು ಆಣೆ ಇಟ್ಟಿದ್ದೇನೋ. ಈಗ ಅಪಾಯ ಒಪ್ಪಿ ಮುಂದೆ ಹೋಗಿ ಅಂತ ಬ್ಯಾಂಕ್ ಅರ್ಜಿಯ ಹಾಗೆ ಕೇಳುತ್ತದೆ.

2017ರ ನವೆಂಬರ್ ತನಕ ಇದೆಲ್ಲ ಬೇಕೇ ಇರಲಿಲ್ಲ. ಆ್ಯಡ್-ಆನ್‌ಗಳೇ ಇಡೀ ಚೌಕಟ್ಟನ್ನು ಬದಲಿಸುತ್ತಿದ್ದವು. ಕ್ಲಾಸಿಕ್ ಥೀಮ್ ರೆಸ್ಟೋರರ್ ಅಂತ ಒಂದಿತ್ತು. ಟ್ಯಾಬ್ ಚೌಕ ಬೇಕಾ, ದುಂಡಗೆ ಬೇಕಾ, ಮೇಲೆ ಬೇಕಾ, ಕೆಳಗೆ ಬೇಕಾ, ಎಲ್ಲಕ್ಕೂ ಟಿಕ್ ಹಾಕಿದರೆ ಸಾಕು. ಫೈರ್‌ಫಾಕ್ಸ್ 57 ಬಂತು, ಹಳೇ ಮಾದರಿಯ ಆ್ಯಡ್-ಆನ್‌ಗಳು ಒಂದೇ ದಿನಕ್ಕೆ ನಿಂತವು. ವೇಗ ಬಂತು ನಿಜ. ಆಟ ಹೋಯಿತು. ಆಮೇಲೆ ನಮ್ಮಂಥವರಿಗೆ ಉಳಿದಿದ್ದು ಈ ಯೂಸರ್‌ಕ್ರೋಮ್ ಹಿಂಬಾಗಿಲು.

ಕಾಪಿಪೇಸ್ಟ್ · ಸೋಮವಾರ ಮಧ್ಯಾಹ್ನ

ನಾನೂ ಮಾಡಿದೆ. ಏನೂ ಬದಲಾಗಲಿಲ್ಲ. ಫೋಲ್ಡರ್ ಮಾಡಿದೆ, ಫೈಲ್ ಮಾಡಿದೆ, ಸಾಲು ಹಾಕಿದೆ, ಮೂರು ಸಲ ಮುಚ್ಚಿ ತೆರೆದೆ. ಟ್ಯಾಬ್ ಮೊದಲಿನಷ್ಟೇ ದಪ್ಪ.

ಸೊಪ್ಪಿನಸಾರು · ಸೋಮವಾರ ಮಧ್ಯಾಹ್ನ

ಕೀಲಿ ತೆಗೆದಿದ್ದೀರಾ? 2019ರಲ್ಲಿ ಬಂದ ಫೈರ್‌ಫಾಕ್ಸ್ 69ರಿಂದ ಈ ಫೈಲನ್ನು ತಾನಾಗಿ ಓದುವುದಿಲ್ಲ. ಹೆಚ್ಚಿನವರ ಹತ್ತಿರ ಆ ಫೈಲ್ ಇರುವುದೇ ಇಲ್ಲ. ಇಲ್ಲದ ಫೈಲನ್ನು ಪ್ರತಿ ಸಲ ಡಿಸ್ಕ್‌ನಲ್ಲಿ ಹುಡುಕಿ ಶುರುವಾಗುವುದು ಯಾಕೆ ನಿಧಾನ ಆಗಬೇಕು ಅಂತ ನಿಲ್ಲಿಸಿದರು. ಬೇಕಾದವರು ಹೇಳಿ ಓದಿಸಬೇಕು.

ಅಬೌಟ್:ಕಾನ್ಫಿಗ್ ತೆರೆದು ಮೇಲಿನ ಪೆಟ್ಟಿಗೆಯಲ್ಲಿ ಲೆಗಸಿಯೂಸರ್ ಎಂಬ ಪದವನ್ನು ಇಂಗ್ಲಿಷಲ್ಲಿ ಹೊಡೆಯಿರಿ. ಪೂರ್ತಿ ಹೆಸರು ಬೇಕಿಲ್ಲ. ಟೂಲ್‌ಕಿಟ್ ಅಂತ ಶುರುವಾಗಿ ಸ್ಟೈಲ್‌ಶೀಟ್ಸ್ ಅಂತ ಮುಗಿಯುವ ಸಾಲು ಬರುತ್ತದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಫಾಲ್ಸ್ ಹೋಗಿ ಟ್ರೂ ಆಗುತ್ತದೆ. ಸಾಲು ದಪ್ಪ ಅಕ್ಷರಕ್ಕೆ ತಿರುಗುತ್ತದೆ. ದಪ್ಪ ಅಂದರೆ ನೀವು ಕೈ ಹಾಕಿದ್ದು ಅಂತ ಗುರುತು. ಬಲತುದಿಯ ಬಾಗಿದ ಬಾಣ ಒತ್ತಿದರೆ ಮತ್ತೆ ಮೊದಲಿನ ಹಾಗೆ.

ಕಾಪಿಪೇಸ್ಟ್

ಅದು ಟ್ರೂ ಇದೆ. ಈಗಲೂ ಏನೂ ಇಲ್ಲ.

ಸೊಪ್ಪಿನಸಾರು

ಅಬೌಟ್:ಸಪೋರ್ಟ್ ತೆರೆಯಿರಿ. ಅಲ್ಲಿ ಪ್ರೊಫೈಲ್ ಫೋಲ್ಡರ್ (ನಿಮ್ಮ ಸೆಟ್ಟಿಂಗು, ಬುಕ್‌ಮಾರ್ಕು ಇರುವ ಜಾಗ) ಎಂಬ ಸಾಲಿನ ಪಕ್ಕ ತೆರೆಯುವ ಗುಂಡಿ ಇದೆ. ಅದನ್ನು ಒತ್ತಿದಾಗ ಬರುವ ಫೋಲ್ಡರಿನ ಒಳಗೇ ನೀವು ಮಾಡಿದ ಕ್ರೋಮ್ ಎಂಬ ಫೋಲ್ಡರ್ ಇರಬೇಕು. ಬೇರೆ ಕಡೆ ಮಾಡಿದ್ದರೆ ಲೆಕ್ಕಕ್ಕಿಲ್ಲ. ಇನ್ನೊಂದು, ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ಹೆಸರಿನ ಬಾಲ ತೋರಿಸು ಅನ್ನುವುದಕ್ಕೆ ಟಿಕ್ ಹಾಕಿ ನೋಡಿ. ಏನು ಕಾಣುತ್ತದೆ?

ಕಾಪಿಪೇಸ್ಟ್

ಅಯ್ಯೋ. ಯೂಸರ್‌ಕ್ರೋಮ್ ಡಾಟ್ ಸಿಎಸ್‌ಎಸ್ ಡಾಟ್ ಟಿಎಕ್ಸ್‌ಟಿ!

ಸೊಪ್ಪಿನಸಾರು

ನೋಟ್‌ಪ್ಯಾಡ್ ತಾನೇ ಬಾಲ ಅಂಟಿಸುತ್ತದೆ, ವಿಂಡೋಸ್ ಅದನ್ನು ಅಡಗಿಸುತ್ತದೆ. ಹತ್ತರಲ್ಲಿ ಐದು ಜನ ಇಲ್ಲೇ ಬೀಳುತ್ತಾರೆ ಅಂತ ನನ್ನ ಅಂದಾಜು. ಬಾಲ ಕತ್ತರಿಸಿ.

ಪೆಂಗ್ವಿನ್‌ಮರಿ

ಲಿನಕ್ಸ್‌ನವರಿಗೆ ಎರಡು ಮಾತು. ಕ್ರೋಮ್ ಫೋಲ್ಡರಿನ ಹೆಸರು ಪೂರ್ತಿ ಸಣ್ಣ ಅಕ್ಷರ. ಫೈಲಿನ ಹೆಸರಲ್ಲಿ ನಡುವಿನ ಸಿ ಮಾತ್ರ ದೊಡ್ಡದು. ವಿಂಡೋಸ್‌ನಲ್ಲಿ ತಪ್ಪಿದರೂ ನಡೆಯುತ್ತದೆ, ನಮ್ಮಲ್ಲಿ ನಡೆಯುವುದಿಲ್ಲ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಪೊಟ್ಟಣವಾಗಿ ಬರುತ್ತದೆ. ಹಾಗಾಗಿ ಪ್ರೊಫೈಲ್ ಮನೆಫೋಲ್ಡರಿನ ಸ್ನ್ಯಾಪ್ ಒಳಗಡೆ ಇರುತ್ತದೆ. ಹಳೇ ಜಾಗದಲ್ಲಿ ಫೈಲ್ ಇಟ್ಟು ಕಾಯಬೇಡಿ.

ಹುಬ್ಬಳ್ಳಿಗಿರ್ಮಿಟ್ · ಸೋಮವಾರ ರಾತ್ರಿ

ಇದೇ ಜಾಗದಲ್ಲಿ ಕೇಳಬಹುದೇನ್ರೀ? ನನ್ನದೂ ರೂಪದ ತೊಂದರೆಯೇ. ಎರಡು ವಾರದ ಹಿಂದೆ ಒಂದು ರೆಡಿಮೇಡ್ ಫೈಲ್ ಇಳಿಸಿಕೊಂಡೆ. ಒಂದೇ ಸಲಕ್ಕೆ ನೂರಾರು ಸೆಟ್ಟಿಂಗ್ ಬದಲಿಸಿ ಬ್ರೌಸರನ್ನು ಚಂದ ಮಾಡಿ ಭದ್ರವೂ ಮಾಡುತ್ತದೆ ಅಂತ ಬರೆದಿದ್ದರು. ಆವತ್ತಿನಿಂದ ಸೈಟುಗಳ ಡಾರ್ಕ್ ರೂಪ ಹೋಗಿದೆ. ವಿಂಡೋಸ್ ಡಾರ್ಕ್ ಇದೆ, ಸೈಟು ಮಾತ್ರ ಸುಣ್ಣ ಬಳಿದ ಗೋಡೆಯಷ್ಟು ಬಿಳಿ. ಝೂಮ್ ಹೆಚ್ಚಿಸಿ ಇಟ್ಟರೆ ಮರುದಿನ ನೆನಪಿರುವುದಿಲ್ಲ. ಇನ್ನೂ ವಿಚಿತ್ರ ಅಂದರೆ, ಬೆಳಿಗ್ಗೆ 10ಕ್ಕೆ ಬಂದ ಮೇಲ್ 4:30ಕ್ಕೆ ಬಂದಿದೆ ಅನ್ನುತ್ತದೆ. ಕಂಪ್ಯೂಟರಿನ ಗಡಿಯಾರ ಸರಿಯಾಗಿಯೇ ಇದೆ. ನಸುಕಿನಲ್ಲೇ ಎದ್ದು ಮೇಲ್ ಮಾಡುತ್ತಾರಲ್ಲ ಅಂತ ನಮ್ಮ ಸಾಹೇಬರ ಮೇಲೆ ಗೌರವ ಬಂದಿತ್ತು.

ಮರಳುಗಾಡು · ಸೋಮವಾರ ರಾತ್ರಿ

ನಾನು ದುಬೈನಲ್ಲಿದ್ದೇನೆ. ನನಗೂ ಹೀಗೇ ಆಗಿದೆ. ಆದರೆ ನನ್ನದು ಸರಿಯಾಗಿ 4 ಗಂಟೆ ಹಿಂದೆ. ಫೈಲ್ ಅದೇ ಇರಬೇಕು. ಡಾರ್ಕ್ ರೂಪವೂ ಹೋಗಿದೆ.

ಸೊಪ್ಪಿನಸಾರು · ಸೋಮವಾರ ರಾತ್ರಿ

ಇಬ್ಬರೂ ಒಟ್ಟಿಗೆ ಬಂದಿದ್ದು ಒಳ್ಳೆಯದಾಯಿತು. ಹುಬ್ಬಳ್ಳಿ ಐದೂವರೆ ಗಂಟೆ ಹಿಂದೆ, ದುಬೈ ನಾಲ್ಕು ಗಂಟೆ ಹಿಂದೆ. ಅಂದರೆ ಇಬ್ಬರ ಬ್ರೌಸರೂ ಯುಟಿಸಿ, ಅಂದರೆ ಜಗತ್ತಿನ ಎಲ್ಲ ಸಮಯ ವಲಯಗಳನ್ನು ಅಳೆಯುವ ಮೂಲ ಸಮಯ ಹೇಳುತ್ತಿದೆ. ಅಬೌಟ್:ಕಾನ್ಫಿಗ್‌ನಲ್ಲಿ ರೆಸಿಸ್ಟ್‌ಫಿಂಗರ್‌ಪ್ರಿಂಟಿಂಗ್ ಅಂತ ಹುಡುಕಿ. ಪ್ರೈವಸಿ ಅಂತ ಶುರುವಾಗಿ ಈ ಪದಕ್ಕೇ ಮುಗಿಯುವ ಸಾಲು ಟ್ರೂ ಇರಬೇಕು, ನೋಡಿ.

ಸೈಟುಗಳು ನಿಮ್ಮ ಪರದೆ ಅಳತೆ, ಸಮಯ ವಲಯ, ಬಣ್ಣದ ಆಯ್ಕೆ ಎಲ್ಲ ಸೇರಿಸಿ ಇವನು ಇಂಥವನೇ ಅಂತ ಗುರುತು ಹಿಡಿಯುತ್ತವೆ. ಅದನ್ನು ತಪ್ಪಿಸಲು, ಬಳಸುವವರ ಗುರುತು ಮುಚ್ಚಿಡುವ ಟಾರ್ ಬ್ರೌಸರ್‌ನಲ್ಲಿದ್ದ ಉಪಾಯವನ್ನು ಫೈರ್‌ಫಾಕ್ಸ್‌ಗೂ ತಂದರು. ಎಲ್ಲರೂ ಒಂದೇ ಥರ ಕಂಡರೆ ಯಾರನ್ನೂ ಗುರುತು ಹಿಡಿಯಲು ಆಗುವುದಿಲ್ಲ, ಅಲ್ವಾ? ಅದಕ್ಕೆ ಎಲ್ಲರಿಗೂ ಒಂದೇ ಸಮಯ ವಲಯ, ಎಲ್ಲರಿಗೂ ಬಿಳಿ ಬಣ್ಣ, ಸೈಟಿನ ಝೂಮ್ ನೆನಪೂ ಇಲ್ಲ. ಅದು ಕೆಟ್ಟ ಸೆಟ್ಟಿಂಗ್ ಅಲ್ಲ. ಚಂದ ಮಾಡುವ ಫೈಲಿನ ಒಳಗೆ ಹೇಳದೆ ಸೇರಿಸುವಂಥದ್ದೂ ಅಲ್ಲ.

ಹುಬ್ಬಳ್ಳಿಗಿರ್ಮಿಟ್ · ಮಂಗಳವಾರ ಬೆಳಿಗ್ಗೆ

ರಾತ್ರಿ ಫಾಲ್ಸ್ ಮಾಡಿದೆ. ಡಾರ್ಕ್ ಬಂತು, ಸಮಯ ಸರಿಹೋಯಿತು. ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ಎದ್ದು ತೆರೆದರೆ ಮತ್ತೆ ಟ್ರೂ! ದೆವ್ವ ಏನಾದರೂ ಇದೆಯೇನ್ರೀ ಇದರಲ್ಲಿ?

ಹಳೆಹುಲಿ · ಮಂಗಳವಾರ ಬೆಳಿಗ್ಗೆ

ದೆವ್ವದ ಹೆಸರು ಯೂಸರ್ ಡಾಟ್ ಜೆಎಸ್. ನೀವು ಇಳಿಸಿದ ಫೈಲ್ ಅದೇ. ಪ್ರೊಫೈಲ್ ಫೋಲ್ಡರಿನಲ್ಲಿ ಕೂತಿರುತ್ತದೆ. ಫೈರ್‌ಫಾಕ್ಸ್ ಪ್ರತಿ ಸಲ ಶುರುವಾಗುವಾಗ ಅದನ್ನು ಓದಿ ಅದರಲ್ಲಿ ಇದ್ದಿದ್ದನ್ನೆಲ್ಲ ಮತ್ತೆ ಹಾಕುತ್ತದೆ. ನೀವು ರಾತ್ರಿ ಬದಲಿಸಿದ್ದು ಬೆಳಿಗ್ಗೆ ತನಕ ಮಾತ್ರ.

ಆ ಫೈಲ್ ಅಳಿಸಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಅದು ಹೇಳಿದ್ದೆಲ್ಲ ಈಗಾಗಲೇ ಪ್ರೆಫ್ಸ್ ಡಾಟ್ ಜೆಎಸ್ ಎಂಬ ಇನ್ನೊಂದು ಫೈಲಿಗೆ ಇಳಿದಿದೆ. ಅದು ಬ್ರೌಸರ್‌ನ ಸ್ವಂತ ಡೈರಿ. ಹಾಗಾಗಿ ಮೊದಲು ಯೂಸರ್ ಡಾಟ್ ಜೆಎಸ್ ಬೇರೆ ಕಡೆ ಎತ್ತಿಡಿ. ಆಮೇಲೆ ಅಬೌಟ್:ಕಾನ್ಫಿಗ್‌ನಲ್ಲಿ ಬದಲಾದವನ್ನು ಮಾತ್ರ ತೋರಿಸು ಎಂಬ ಟಿಕ್ ಹಾಕಿ. ಪಟ್ಟಿ ನೋಡಿ ಗಾಬರಿಯಾಗಬೇಡಿ, ಬ್ರೌಸರ್ ತಾನೇ ಬರೆದುಕೊಂಡವೂ ಅದರಲ್ಲಿ ಬಹಳ ಇರುತ್ತವೆ. ಎತ್ತಿಟ್ಟ ಫೈಲನ್ನು ನೋಟ್‌ಪ್ಯಾಡಿನಲ್ಲಿ ಪಕ್ಕಕ್ಕೆ ತೆರೆದಿಟ್ಟುಕೊಂಡು, ಅದರಲ್ಲಿ ಇರುವವನ್ನು ಒಂದೊಂದಾಗಿ ಬಾಣ ಒತ್ತಿ ಹಿಂದಕ್ಕೆ ತನ್ನಿ.

ಅಷ್ಟು ತಾಳ್ಮೆ ಇಲ್ಲ ಅಂದರೆ ಅಬೌಟ್:ಸಪೋರ್ಟ್‌ನಲ್ಲೇ ರಿಫ್ರೆಶ್ ಫೈರ್‌ಫಾಕ್ಸ್ ಗುಂಡಿ ಇದೆ. ಬುಕ್‌ಮಾರ್ಕು, ಪಾಸ್‌ವರ್ಡು ಉಳಿಯುತ್ತವೆ. ಆ್ಯಡ್-ಆನ್‌ಗಳು ಹೋಗುತ್ತವೆ. ಹಳೇ ಪ್ರೊಫೈಲನ್ನು ಒಂದು ಫೋಲ್ಡರ್ ಮಾಡಿ ಡೆಸ್ಕ್‌ಟಾಪ್ ಮೇಲೆ ಇಟ್ಟುಬಿಡುತ್ತದೆ.

ಮರಳುಗಾಡು

ನಾನು ರಿಫ್ರೆಶ್ ಮಾಡಿದೆ. ಎರಡು ನಿಮಿಷದ ಕೆಲಸ. ಒಂದೊಂದಾಗಿ ಬಾಣ ಒತ್ತುವ ವಯಸ್ಸು ನನ್ನದಲ್ಲ.

ಗೇರುಹಣ್ಣು · ಮಂಗಳವಾರ ಮಧ್ಯಾಹ್ನ

ನನ್ನ ಕಥೆಯನ್ನೂ ಹೇಳುತ್ತೇನೆ, ನಗಬಾರದು. ಅಮ್ಮನಿಗೆ ಅಕ್ಷರ, ಗುಂಡಿ ಎಲ್ಲ ದೊಡ್ಡದು ಬೇಕಿತ್ತು. ಝೂಮ್ ಮಾಡಿದರೆ ಪುಟ ಮಾತ್ರ ದೊಡ್ಡದಾಗುತ್ತದೆ, ಮೆನು ಆಗುವುದಿಲ್ಲ. ಡೆವ್‌ಪಿಕ್ಸೆಲ್ಸ್ ಅಂತ ಒಂದು ಸೆಟ್ಟಿಂಗ್ ಇದೆ ಅಂತ ತಿಳಿಯಿತು. ಅದರ ಬೆಲೆ ಮೈನಸ್ 1 ಇರುತ್ತದೆ, ಅಂದರೆ ವಿಂಡೋಸ್ ಹೇಳಿದ ಹಾಗೆ ಕೇಳು ಅಂತ. ಅದನ್ನು 1.25 ಮಾಡಿದರೆ ಚೌಕಟ್ಟು, ಪುಟ ಎರಡೂ ಕಾಲು ಭಾಗ ದೊಡ್ಡದಾಗುತ್ತದೆ. ನಾನು 1.25 ಹೊಡೆಯಲು ಹೋಗಿ ಚುಕ್ಕಿ ಬಿಟ್ಟೆ. 125.

ಎಂಟರ್ ಒತ್ತಿದ್ದೇ ತಡ, ಪರದೆ ತುಂಬಾ ಬೂದು ಬಣ್ಣದ ಗೋಡೆ. ಅದು ಯಾವ ಗುಂಡಿಯ ಮೂಲೆಯೋ ಗೊತ್ತಿಲ್ಲ. ಅಬೌಟ್:ಕಾನ್ಫಿಗ್‌ಗೆ ವಾಪಸ್ ಹೋಗಲು ದಾರಿಯೇ ಇಲ್ಲ, ವಿಳಾಸದ ಪಟ್ಟಿ ಪರದೆಯ ಆಚೆ ಎಲ್ಲೋ ಇದೆ. ಶಿಫ್ಟ್ ಹಿಡಿದು ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆದರೂ ಅದೇ ಗೋಡೆ.

ಸೊಪ್ಪಿನಸಾರು

ಹೌದು, ಟ್ರಬಲ್‌ಶೂಟ್ ಮೋಡ್ ಆ್ಯಡ್-ಆನ್, ಥೀಮ್, ಯೂಸರ್‌ಕ್ರೋಮ್ ಇಷ್ಟನ್ನು ಬದಿಗಿಡುತ್ತದೆ. ಅಬೌಟ್:ಕಾನ್ಫಿಗ್‌ನ ಇಂಥ ಬೆಲೆಗಳನ್ನು ಹಿಂದಕ್ಕೆ ತರುವುದಿಲ್ಲ. ಮತ್ತೆ ಹೇಗೆ ಬಿಡಿಸಿಕೊಂಡಿರಿ?

ಗೇರುಹಣ್ಣು

ಪ್ರೆಫ್ಸ್ ಡಾಟ್ ಜೆಎಸ್! ಟಾಸ್ಕ್ ಮ್ಯಾನೇಜರಿನಿಂದ ಫೈರ್‌ಫಾಕ್ಸ್ ಮುಚ್ಚಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆ್ಯಪ್‌ಡೇಟಾ ಎಂಬ ಪದದ ಎರಡೂ ಕಡೆ ಶೇಕಡಾ ಚಿಹ್ನೆ ಹಾಕಿ ಎಂಟರ್ ಹೊಡೆದೆ. ಅಲ್ಲಿಂದ ಮೊಜಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್ ಅಂತ ಒಳಗೊಳಗೆ ಹೋದೆ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಡೆವ್‌ಪಿಕ್ಸೆಲ್ಸ್ ಇದ್ದ ಒಂದು ಸಾಲು ಅಳಿಸಿದೆ. ಬ್ರೌಸರ್ ತೆರೆದಿರುವಾಗ ಅಳಿಸಿದರೆ ಉಪಯೋಗ ಇಲ್ಲ, ಮುಚ್ಚುವಾಗ ಅದು ತನ್ನ ನೆನಪಿನಿಂದ ಮತ್ತೆ ಬರೆದುಬಿಡುತ್ತದೆ. ಇದು ನನಗೆ ಎರಡನೇ ಸಲಕ್ಕೆ ಗೊತ್ತಾಯಿತು.

ಈಗ 1.25 ಇದೆ. ಅಮ್ಮ ಖುಷಿಯಾಗಿದ್ದಾರೆ. ನಾನು ಅದನ್ನು ಮುಟ್ಟುವುದಿಲ್ಲ.

ರಾಗಿಕಣಜ

ಅಮ್ಮನಿಗೆ ಕನ್ನಡ ಅಕ್ಷರ ಮಾತ್ರ ದೊಡ್ಡದು ಮಾಡಲು ಆಗುವುದಿಲ್ಲವಾ? ನಮ್ಮ ಮನೆಯಲ್ಲೂ ಇದೇ ದೂರು. ಇಂಗ್ಲಿಷ್ ಓದುವಷ್ಟು ದೊಡ್ಡದು ಕಾಣುತ್ತದೆ, ಪಕ್ಕದ ಕನ್ನಡ ಇರುವೆ ಸಾಲು.

ಸೊಪ್ಪಿನಸಾರು · ಮಂಗಳವಾರ ಸಂಜೆ

ಆಗುತ್ತದೆ. ಅದಕ್ಕೆ ಗುಪ್ತ ಸೆಟ್ಟಿಂಗ್ ಕೂಡ ಬೇಡ. ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ವಿಭಾಗ ಇದೆ. ಅಲ್ಲಿ ಅಡ್ವಾನ್ಸ್ಡ್ ಒತ್ತಿ. ಮೇಲ್ಗಡೆ ಯಾವ ಲಿಪಿಗೆ ಅಂತ ಕೇಳುತ್ತದೆ. ಕನ್ನಡ ಆರಿಸಿ. ಅದಕ್ಕೇ ಬೇರೆ ಫಾಂಟ್, ಬೇರೆ ಗಾತ್ರ, ಕನಿಷ್ಠ ಗಾತ್ರ ಎಲ್ಲ ಇದೆ. ಕನಿಷ್ಠ ಗಾತ್ರ 17 ಅಥವಾ 18 ಕೊಟ್ಟರೆ ಸೈಟು 13 ಅಂದರೂ ಬ್ರೌಸರ್ ಕೇಳುವುದಿಲ್ಲ. ಅಬೌಟ್:ಕಾನ್ಫಿಗ್‌ನಲ್ಲಿ ಕೆಎನ್‌ಡಿಎ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಹುಡುಕಿದರೂ ಇವೇ ಸಾಲುಗಳು ಬರುತ್ತವೆ.

ಒಂದು ಮುಳ್ಳಿದೆ. ಪುಟ ತನ್ನ ಭಾಷೆ ಕನ್ನಡ ಅಂತ ಕೋಡಿನಲ್ಲಿ ಹೇಳಿಕೊಂಡಿದ್ದರೆ ಮಾತ್ರ ಆ ಕನಿಷ್ಠ ಗಾತ್ರ ಲಾಗು. ಕನ್ನಡದಲ್ಲೇ ಬರೆದು ಭಾಷೆಯ ಜಾಗದಲ್ಲಿ ಇಂಗ್ಲಿಷ್ ಅಂತ ಬಿಟ್ಟ ಸೈಟುಗಳು ಬೇಕಾದಷ್ಟಿವೆ. ಅವುಗಳಿಗೆ ಲ್ಯಾಟಿನ್ ಲಿಪಿಯ ಕನಿಷ್ಠ ಗಾತ್ರವೇ ನಡೆಯುತ್ತದೆ. ಅದನ್ನೂ ಏರಿಸಬೇಕಾಗುತ್ತದೆ. ಸೈಟ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಪುಟದ ಮೊದಲ ಸಾಲಿನಲ್ಲಿ ಲ್ಯಾಂಗ್ ಎದುರು ಕೆಎನ್ ಅಂತ ಎರಡು ಅಕ್ಷರ ಹಾಕಿ ಮಾರಾಯ್ರೇ.

ಫಾಂಟ್ ವಿಷಯಕ್ಕೆ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ. ನನಗೆ ನೋಟೋ ಸ್ಯಾನ್ಸ್ ಕನ್ನಡ ಇಷ್ಟ, ಒತ್ತಕ್ಷರ ಬಿಡಿಸಿ ಕಾಣುತ್ತದೆ. ಸೈಟು ತನ್ನದೇ ಫಾಂಟ್ ತಂದಿದ್ದರೆ ನಿಮ್ಮ ಆಯ್ಕೆ ನಡೆಯುವುದಿಲ್ಲ. ನಡೆಯಲೇಬೇಕು ಅಂದರೆ ಅದೇ ಕಿಟಕಿಯ ಕೆಳಗಿನ ಟಿಕ್ ತೆಗೆಯಿರಿ. ಆಗ ಕೆಲವು ಸೈಟಿನ ಚಿಕ್ಕ ಚಿತ್ರಗುಂಡಿಗಳು ಖಾಲಿ ಡಬ್ಬಿಗಳಾಗುತ್ತವೆ, ಅವೂ ಫಾಂಟೇ ಆಗಿರುವುದರಿಂದ.

ಎಫ್‌ಹನ್ನೊಂದು · ಮಂಗಳವಾರ ರಾತ್ರಿ

ಎಲ್ಲ ಓದಿದೆ. ಕಾಂಪ್ಯಾಕ್ಟ್ ಹಾಕಿದರೆ ಟ್ಯಾಬ್‌ನ ಎತ್ತರ 36 ಪಿಕ್ಸೆಲ್‌ನಿಂದ 29ಕ್ಕೆ ಬರುತ್ತದೆ. ಏಳು ಪಿಕ್ಸೆಲ್! ಏಳು ಪಿಕ್ಸೆಲ್‌ಗೆ ಇಷ್ಟು ರಾಮಾಯಣವಾ? ಕಂಟ್ರೋಲ್, ಶಿಫ್ಟ್, ಬಿ ಒತ್ತಿದರೆ ಬುಕ್‌ಮಾರ್ಕ್ ಪಟ್ಟಿ ಪೂರ್ತಿ ಹೋಗುತ್ತದೆ. ಅದೇ ಏಳಕ್ಕಿಂತ ಜಾಸ್ತಿ. ಟಾಸ್ಕ್‌ಬಾರನ್ನು ತಾನಾಗಿ ಅಡಗುವ ಹಾಗೆ ಮಾಡಿದರೆ ಇನ್ನೂ 40. ಎಲ್ಲ ಕಣ್ಣೆದುರಿಗೇ ಇರುವ ಸೆಟ್ಟಿಂಗುಗಳು.

ಹಳೆಹುಲಿ

ಮಾತು ಸರಿಯಾಗೇ ಇದೆ. ಬುಕ್‌ಮಾರ್ಕ್ ಪಟ್ಟಿಯನ್ನು ಹೊಸ ಟ್ಯಾಬ್‌ನಲ್ಲಿ ಮಾತ್ರ ತೋರಿಸು ಅನ್ನುವ ಆಯ್ಕೆಯೂ ಇದೆ. ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಕಾಂಪ್ಯಾಕ್ಟ್ ಮೊದಲು ಕಣ್ಣೆದುರಿಗೇ ಇತ್ತು. 2021ರ ಜೂನ್‌ನಲ್ಲಿ 89ನೇ ಆವೃತ್ತಿ ಬಂದಾಗ ಟ್ಯಾಬ್‌ಗಳನ್ನು ದಪ್ಪ ಮಾಡಿ, ಕಾಂಪ್ಯಾಕ್ಟನ್ನು ಒಳಗೆ ಅಡಗಿಸಿದರು. ಈಗಲೂ ಹೊರಗೆ ತಂದರೆ ಅದರ ಪಕ್ಕ ‘ಬೆಂಬಲವಿಲ್ಲ’ ಅನ್ನುವ ಅರ್ಥದ ಪದ ಇರುತ್ತದೆ. ಆ ಹೊಸ ರೂಪವನ್ನೇ ಪೂರ್ತಿ ನಿಲ್ಲಿಸುವ ಪ್ರೋಟಾನ್ ಹೆಸರಿನ ಸೆಟ್ಟಿಂಗುಗಳೂ ಇದ್ದವು. ಎರಡೇ ತಿಂಗಳು. ಆಗಸ್ಟ್‌ನಲ್ಲಿ 91 ಬಂತು, ಅವು ಹೋದವು. ಆವತ್ತು ತುಂಬಾ ಜನ ಯೂಸರ್‌ಕ್ರೋಮ್ ಕಲಿತರು. ಕೋಪದಿಂದ ಕಲಿತ ಸಿಎಸ್‌ಎಸ್ ಬೇಗ ತಲೆಗೆ ಹತ್ತುತ್ತದೆ.

ಪೆಂಗ್ವಿನ್‌ಮರಿ

2025ರ ಮಾರ್ಚ್‌ನಲ್ಲಿ 136ನೇ ಆವೃತ್ತಿಯಿಂದ ಟ್ಯಾಬ್‌ಗಳನ್ನು ಎಡಗಡೆ ನಿಲ್ಲಿಸುವ ಆಯ್ಕೆ ಫೈರ್‌ಫಾಕ್ಸ್‌ನಲ್ಲೇ ಬಂದಿದೆ. ಅದಕ್ಕೂ ಮೊದಲು ಆ್ಯಡ್-ಆನ್ ಹಾಕಿಕೊಂಡು, ಮೇಲಿನ ಪಟ್ಟಿಯನ್ನು ಯೂಸರ್‌ಕ್ರೋಮ್‌ನಿಂದ ಅಡಗಿಸಬೇಕಿತ್ತು. ಹಳೇಲ್ಯಾಪ್‌ಟಾಪ್ ಅವರಿಗೆ ಅಗಲ ಬೇಕಾದಷ್ಟಿದೆ, ಎತ್ತರ ಇಲ್ಲ. ಅವರಿಗೆ ಇದೇ ಸರಿ ಅಲ್ವಾ? ಟ್ಯಾಬ್ ಪಟ್ಟಿಯ ಜಾಗ ಪೂರ್ತಿ ಉಳಿಯಿತು.

ಹಳೇಲ್ಯಾಪ್‌ಟಾಪ್ · ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮೂರು ದಿನ ಒಂದೊಂದಾಗಿ ಮಾಡಿ ನೋಡಿದೆ. ಮಾಡಿದ್ದನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ.

ಸೊಪ್ಪಿನಸಾರು ಅವರು ಹೇಳಿದ ಎರಡು ಸಾಲು ಅಳಿಸಿದೆ, ಒತ್ತಕ್ಷರ ವಾಪಸ್ ಬಂತು. 26ರಲ್ಲಿ ‘ರಾಷ್ಟ್ರಕೂಟ’ದ ರ ಒತ್ತಿನ ತುದಿಯೂ ಪೂರ್ತಿ ಕಾಣುತ್ತದೆ. ಆಸೆಯಿಂದ 24 ಮಾಡಿದೆ. ಅಕ್ಷರ ಇತ್ತು, ಆದರೆ ಮೌಸ್ ಇಟ್ಟು ಮುಚ್ಚುವ ಗುಂಡಿ ಹಿಡಿಯಲು ಕಷ್ಟ. ನನ್ನ ಕೈ ಸ್ವಲ್ಪ ನಡುಗುತ್ತದೆ. 26ಕ್ಕೇ ಬಂದೆ. ಗುಂಡಿ ಚಿಕ್ಕದು ಮಾಡುವ ನಾಲ್ಕನೇ ಸಾಲೂ ತೆಗೆದೆ.

ಎಡಗಡೆ ಟ್ಯಾಬ್ ಒಂದು ದಿನ ಇಟ್ಟೆ. ಜಾಗ ಸಿಕ್ಕಿದ್ದು ನಿಜ. ಇಪ್ಪತ್ತು ವರ್ಷದಿಂದ ಕಣ್ಣು ಮೇಲೆ ಹೋಗಿ ರೂಢಿ, ಪ್ರತಿ ಸಲ ಮೇಲೆ ನೋಡಿ ಆಮೇಲೆ ಎಡಕ್ಕೆ ನೋಡುತ್ತಿದ್ದೆ. ಬಿಟ್ಟೆ. ಬುಕ್‌ಮಾರ್ಕ್ ಪಟ್ಟಿ ಈಗ ಹೊಸ ಟ್ಯಾಬ್‌ನಲ್ಲಿ ಮಾತ್ರ. ಟಾಸ್ಕ್‌ಬಾರ್ ಇದ್ದಲ್ಲೇ ಇದೆ, ಹಾಲಿನ ಕಾರಣಕ್ಕೆ. ಒಟ್ಟಿನಲ್ಲಿ ಸುದ್ದಿಯ ಎರಡು ಸಾಲು ಜಾಸ್ತಿ ಕಾಣುತ್ತಿದೆ. ಸಾಕು.

ಹುಬ್ಬಳ್ಳಿಗಿರ್ಮಿಟ್

ನನ್ನದೂ ಸರಿಹೋಯಿತು. ಸಾಹೇಬರು ಎಲ್ಲರ ಹಾಗೆ ಹತ್ತು ಗಂಟೆಗೇ ಮೇಲ್ ಮಾಡುವವರು ಅಂತ ಗೊತ್ತಾಯಿತು.

ಕಾಪಿಪೇಸ್ಟ್ · ಗುರುವಾರ ಬೆಳಿಗ್ಗೆ

ಹಳೇಲ್ಯಾಪ್‌ಟಾಪ್ ಅವರೇ, ನಿಮ್ಮ ಫೈಲಿನಲ್ಲಿ ಈಗ ಇರುವುದನ್ನು ಇದ್ದ ಹಾಗೇ ಇಲ್ಲಿ ಹಾಕಿ. ನಾನೂ ಅಂಟಿಸಿಕೊಳ್ಳುತ್ತೇನೆ.

ಹಳೇಲ್ಯಾಪ್‌ಟಾಪ್

ಇರುವುದು ಒಂದೇ ಸಾಲು, ಹಾಕುತ್ತೇನೆ. ಮೊದಲು ನಿಮ್ಮ ಪರದೆ ಎಷ್ಟು, ವಿಂಡೋಸ್‌ನ ಸ್ಕೇಲ್ ಎಷ್ಟು ಅಂತ ಹೇಳಿ.